ಹನುಮಪ್ಪನ ಗುಡಿಗೆ ಒಂಬತ್ತು ಎಸೆತ

ವರ್ಷದಲ್ಲಿ ಮುನ್ನೂರ ಅರವತ್ತನಾಲ್ಕು ದಿನ ಗುದ್ಲೆಪ್ಪ ಊರಿಗೆಲ್ಲ "ಏ ಗುದ್ಲ್ಯಾ" ಆಗಿದ್ದ. ಅವನು ಬಿತ್ತಿದ ಜೋಳದ ಸಾಲು ಸೊಟ್ಟ. ಅವನು ಕಟ್ಟಿದ ಎತ್ತು ಬಿಚ್ಚಿಕೊಂಡು ಅವನಿಗಿಂತ ಮೊದಲೇ ಮನೆ ಸೇರುತ್ತಿತ್ತು. ಹೇರಿದ ಮೇವಿನ ಬಂಡಿ ಸರಿಯಾಗಿ ಊರಬಾಗಿಲ ಅಗಸಿಯೊಳಗೇ ಮಗುಚಿ ಎರಡೂ ಕಡೆಯ ಮಂದಿಯನ್ನು ನಿಲ್ಲಿಸುತ್ತಿತ್ತು. "ಇವನ ಬದ್ಲಿ ಒಂದ ಎಮ್ಮಿ ಕಟ್ಟಿದ್ರ ಹಾಲರ ಕುಡೀತಿದ್ವಿ" ಎಂದು ಅವನ ಹೆಂಡತಿ ನಾಗವ್ವ ಬಾವಿಕಟ್ಟೆಯ ಮೇಲೆ ನಿಂತು ಹೇಳುತ್ತಿದ್ದಳು, ಅವನು ಅದನ್ನು ಕೇಳಿಸಿಕೊಂಡು ನಗುತ್ತಿದ್ದ. ಉಳಿದ ಒಂದು ದಿನ ನಾಗರ ಪಂಚಮಿ. ಅವತ್ತು ಮಾತ್ರ ಹಿರೇಬೆಂಡಿಗೇರಿಯ ಗೌಡರು ಕೂಡ ಊರ ಕಟ್ಟೆಯ ಮೇಲೆ ಸರಿದು ಕೂತು, "ಬರ್ರಿ ಗುದ್ಲೆಪ್ಪನವರ, ಕುಂದರ್ರಿ" ಎಂದು ಜಾಗ ಬಿಡುತ್ತಿದ್ದರು.

ಆ ಮರ್ಯಾದೆ ಅವನ ಬಲಗೈಗೆ ಸಲ್ಲುತ್ತಿತ್ತು. ನಮ್ಮ ಕಡೆ ಪಂಚಮಿಗೆ ಹೆಂಗಸರು ಜೋಕಾಲಿ ಜೀಕುತ್ತಾರೆ, ಗಂಡಸರು ಪಂತ ಕಟ್ಟಿ ಲಿಂಬೆಹಣ್ಣು ಎಸೆಯುತ್ತಾರೆ. ಅಗಸಿಯ ಬಾಗಿಲಲ್ಲಿ ನಿಂತು ಮೊದಲ ಎಸೆತ. ಹಣ್ಣು ಎಲ್ಲಿ ಬಿದ್ದು, ಉರುಳಿ, ನಿಲ್ಲುತ್ತದೋ ಅಲ್ಲಿಂದ ಎರಡನೆಯದು. ಹೀಗೆ ಗಾಯರಾಣದ ಬಯಲು ದಾಟಿ, ಸವಣೂರಿನ ದಾರಿಯಲ್ಲಿರುವ ಹನುಮಪ್ಪನ ಗುಡಿಯ ಮೆಟ್ಟಿಲಿಗೆ ಹಣ್ಣು ಮುಟ್ಟಿಸಬೇಕು. ಒಟ್ಟು ಮೂರು ಫರ್ಲಾಂಗು ದಾರಿ. ಯಾರು ಕಡಿಮೆ ಎಸೆತದಲ್ಲಿ ಮುಟ್ಟಿಸಿದರೋ ಅವರು ಗೆದ್ದರು. ಊರಿನ ಪೈಲವಾನರಿಗೇ ಹದಿಮೂರು ಹದಿನಾಲ್ಕು ಬೇಕಾಗುತ್ತಿತ್ತು. ಗುದ್ಲೆಪ್ಪನಿಗೆ ಹತ್ತು ಸಾಕಿತ್ತು.

ಎಣಿಸುವವನು ನಾನು. ವಾದಿರಾಜ ಎಂದು ನನ್ನ ಹೆಸರು. ಸವಣೂರಿನವನು, ಹಿರೇಬೆಂಡಿಗೇರಿಯ ಕನ್ನಡ ಶಾಲೆಯ ಮಾಸ್ತರ. ನಾನು ಎಸೆದ ಹಣ್ಣು ಶಾಲೆಯ ಅಂಗಳವನ್ನೂ ದಾಟದು, ಆದ್ದರಿಂದ ನಾನು ಪಕ್ಷಪಾತವಿಲ್ಲದ ಮನುಷ್ಯ ಎಂದು ಎಲ್ಲರೂ ಒಪ್ಪಿದ್ದರು. ಒಂದೊಂದು ಎಸೆತಕ್ಕೆ ಒಂದೊಂದು ಹುಣಸೆ ಬೀಜವನ್ನು ಬಲಗಿಸೆಯಿಂದ ಎಡಗಿಸೆಗೆ ಹಾಕುತ್ತಿದ್ದೆ. ಕೊನೆಗೆ ಎಡಗಿಸೆಯ ಬೀಜ ಎಣಿಸಿ ವಹಿಯಲ್ಲಿ ಬರೆಯುತ್ತಿದ್ದೆ.

ಸಾವಿರದ ಒಂಬೈನೂರ ನಲವತ್ತಮೂರರಲ್ಲಿ ಈ ಗಾಯರಾಣದ ಮೇಲೆ ಒಬ್ಬರ ಕಣ್ಣು ಬಿತ್ತು. ಗಾಯರಾಣ ಎಂದರೆ ಊರ ದನ ಮೇಯಲೆಂದು ಬಿಟ್ಟ ಸರಕಾರಿ ನೆಲ. ಯುದ್ಧದ ಕಾಲ, ಹೆಚ್ಚು ಧಾನ್ಯ ಬೆಳೆಯಿರಿ ಎಂದು ಡಂಗುರ ಹೊಡೆಸಿದ್ದರು. ಖಾಲಿ ಬಿದ್ದ ನೆಲ ತನಗೆ ಕೊಟ್ಟರೆ ಜೋಳ ಬೆಳೆದು ರಾಜ್ಯಕ್ಕೆ ಉಪಕಾರ ಮಾಡುತ್ತೇನೆಂದು ಸಾವಕಾರ ಕುಬೇರಪ್ಪ ಶಿಗ್ಗಾಂವಿಯ ಕಚೇರಿಗೆ ಅರ್ಜಿ ಹಾಕಿದ. ಊರಿನ ಅರ್ಧ ಹೊಲ ಅವನ ಹೆಸರಲ್ಲಿತ್ತು, ಉಳಿದರ್ಧ ಅವನ ಮನಸ್ಸಿನಲ್ಲಿತ್ತು. ಹಳ್ಳದ ಆಚೆ ಬೇರೆ ಹುಲ್ಲುಗಾವಲು ಇದ್ದುದರಿಂದ ದನ ಇದ್ದವರು ತುಟಿ ಬಿಚ್ಚಲಿಲ್ಲ. ಹೊಟ್ಟೆ ಉರಿದದ್ದು ಲಿಂಬೆಹಣ್ಣಿನವರಿಗೆ ಮಾತ್ರ.

ನಾನು ಮಗ್ಗಿ ಹೇಳಿಸುತ್ತಿದ್ದಾಗ ಗುದ್ಲೆಪ್ಪ ಶಾಲೆಯ ಬಾಗಿಲಿಗೆ ಬಂದು ನಿಂತ.

"ಮಾಸ್ತರ್ರ, ಗಾಯರಾಣ ಹ್ವಾತಂದ್ರ ನಾ ಎಲ್ಲೆ ಒಗೀಲಿ? ನನಗ ಬ್ಯಾರೆ ಏನೂ ಬರಂಗಿಲ್ರಿ."

ಇದನ್ನು ಅವನು ಅಳುತ್ತ ಹೇಳಲಿಲ್ಲ, ಇದ್ದ ಸಂಗತಿ ಹೇಳಿದ ಅಷ್ಟೇ. ಮಕ್ಕಳಿಗೆ ರಜೆ ಕೊಟ್ಟು ಅವನೊಂದಿಗೆ ಹೊರಟೆ.

ಅವತ್ತೇ ಸಂಘ ಹುಟ್ಟಿತು. ಶ್ರೀ ಮಾರುತಿ ಲಿಂಬೆಹಣ್ಣು ಎಸೆತಗಾರರ ಹಿತರಕ್ಷಕ ಸಂಘ. ಕಿರಾಣಿ ಅಂಗಡಿಯ ಕರಿಬಸಪ್ಪ ಅಧ್ಯಕ್ಷನಾದ, ಏಕೆಂದರೆ ಅವನ ಹಿತ್ತಲಲ್ಲಿ ಎರಡು ಲಿಂಬೆಗಿಡ ಇದ್ದವು. ಅಧ್ಯಕ್ಷನಿಗೆ ಬೇಕಾದ ಬೇರೆ ಗುಣ ಯಾವುದೂ ಅವನಲ್ಲಿ ಇರಲಿಲ್ಲ. ಗಂಟಲು ಮಾತ್ರ ದೊಡ್ಡದಿತ್ತು. ಕಾರ್ಯದರ್ಶಿ ನಾನು. ಹಿಂದಿನ ವರ್ಷವೇ ಚಳವಳಿಯ ಗದ್ದಲವಾಗಿದ್ದರಿಂದ ಸಂಘ ಎಂಬ ಮಾತು ಕೇಳಿದರೆ ಪೋಲೀಸರು ಬೆಚ್ಚಿಬೀಳುತ್ತಿದ್ದರು. ಮೂರನೆಯ ದಿನ ಒಬ್ಬ ಹವಾಲ್ದಾರ ಬಂದು, ನೀವು ಎಸೆಯುವ ವಸ್ತು ತೋರಿಸಿ ಎಂದ. ಕರಿಬಸಪ್ಪ ಬುಟ್ಟಿ ತಂದಿಟ್ಟ. ಹವಾಲ್ದಾರ ಒಂದು ಹಣ್ಣು ಕೊಯ್ದು ಮೂಸಿ ನೋಡಿದ, ಇನ್ನೆರಡು ಕೊಯ್ದು ಪಾನಕ ಮಾಡಿಸಿಕೊಂಡು ಕುಡಿದ, ನಾಲ್ಕು ಕಿಸೆಗೆ ಹಾಕಿಕೊಂಡು ಹೋದ.

ಅರ್ಜಿ ಬರೆದವನು ನಾನೇ. ನಾಲ್ಕು ಪುಟ. ತಲೆತಲಾಂತರದಿಂದ ಈ ನೆಲದಲ್ಲಿ ಎಸೆತ ನಡೆದುಬಂದಿದೆ, ಇದು ಆರೋಗ್ಯಕ್ಕೆ ಹಿತ, ಮದ್ಯಪಾನದಿಂದ ದೂರ, ಇಂಥ ಕೈಗಳು ಯುದ್ಧದಲ್ಲಿ ಬಾಂಬು ಎಸೆಯಲು ಘನ ಸರಕಾರಕ್ಕೆ ಉಪಯೋಗ ಬೀಳಬಹುದು ಎಂದೆಲ್ಲ ಬರೆದೆ. ನನ್ನ ಹೆಂಡತಿ ತುಳಸಾಬಾಯಿ ಓದಿ, "ನಿಮ್ಮನ್ನs ಮೊದಲ ಯುದ್ಧಕ್ಕ ಕಳಸ್ಬೇಕು" ಎಂದಳು.

ಆದರೆ ಅರ್ಜಿ ಕೆಲಸ ಮಾಡಿತು. ಕಚೇರಿಯಿಂದ ಒಬ್ಬ ಸಾಹೇಬರು ಸ್ಥಳ ನೋಡಲು ಬಂದರು. ಒಳ್ಳೆಯ ಮನುಷ್ಯ, ಗಾಯರಾಣದ ನಡುವೆ ಕುರ್ಚಿ ಹಾಕಿಸಿಕೊಂಡು ಕೂತು ನಮ್ಮ ಮಾತು ಕೇಳಿದರು, ಕುಬೇರಪ್ಪನ ಮಾತೂ ಕೇಳಿದರು. ನಂತರ ಪೆನ್ನಿನ ಟೊಪ್ಪಿಗೆ ತೆಗೆದು, "ನೆಲಾ ಇದ್ದಂಗ ಇರ್ಲಿ ಅಂತ ಬರದ ಬಿಡ್ತೇನಿ" ಎಂದರು. ಅಲ್ಲಿಗೆ ನಾವು ಗೆದ್ದಿದ್ದೆವು. ಬಾಯಿ ಮುಚ್ಚಿಕೊಂಡು ಇನ್ನೆರಡು ನಿಮಿಷ ನಿಂತಿದ್ದರೆ ಸಾಕಿತ್ತು.

ಕುಬೇರಪ್ಪ ರುಮಾಲು ಸರಿಮಾಡಿಕೊಳ್ಳುತ್ತ ಯಾರಿಗೋ ಅಂದಂತೆ ಅಂದ: "ಹತ್ತು ಒಗತಕ್ಕ ಇಷ್ಟ ಕುಣೀತಾರ. ನಾ ನನ್ನ ವಯಸ್ಸಿನ್ಯಾಗ ಒಂಬತ್ತಕ್ಕ ಮುಟ್ಟಿಸೇನಿ."

ಗುದ್ಲೆಪ್ಪನ ಕಿವಿ ಕೆಂಪಾಯಿತು. "ಸುಳ್ಳು!" ಎಂದ. ಜೀವಮಾನದಲ್ಲಿ ಸಾವಕಾರನೆದುರು ಅವನು ಆಡಿದ ಮೊದಲ ಗಟ್ಟಿ ಮಾತು ಅದು.

"ಸುಳ್ಳೇನು? ಪಂಚಮಿ ದಿನಾ ಬಾರಲೇ ಹಂಗಾರ. ನೀ ಒಂಬತ್ತಕ್ಕ ಮುಟ್ಟಿಸು, ನಾ ಅರ್ಜಿ ಹಿಂದ ತಗೋತೇನಿ. ನೀ ಸೋತು ನಾ ಮುಟ್ಟಿಸಿದೆ ಅಂದ್ರ ಗಾಯರಾಣ ನಂದು."

ನಾನು ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಅಧ್ಯಕ್ಷ ಮಹಾಶಯ ಮುಂದೆ ನುಗ್ಗಿ, ಕುಬೇರಪ್ಪನ ಅಂಗೈ ಮೇಲೆ ತನ್ನ ಅಂಗೈ ಫಟ್ಟೆಂದು ಹೊಡೆದು "ಕಟ್ಟಿದೆ ಪಂತ!" ಎಂದು ಕೂಗಿಬಿಟ್ಟ. ಇಡೀ ಸಂಘ ಹೋ ಎಂದಿತು. ಪಂತ ಎಂಬ ಮಾತು ಕಿವಿಗೆ ಬಿದ್ದರೆ ಈ ಮಂದಿಗೆ ಹೆಂಡತಿ ಮಕ್ಕಳ ನೆನಪೂ ಇರುವುದಿಲ್ಲ, ಇನ್ನು ಸಾಹೇಬರ ನೆನಪು ಎಲ್ಲಿಂದ ಬರಬೇಕು?

ಸಾಹೇಬರು ಪೆನ್ನಿಗೆ ಟೊಪ್ಪಿಗೆ ಹಾಕಿದರು. "ನಿಮ್ಮ ನಿಮ್ಮೊಳಗs ರಾಜಿ ಆತಲ್ಲ, ಇನ್ನ ನಂದೇನು ಕೆಲಸ? ಯಾರು ಗೆದ್ರು ಅಂತ ಬರದು ಕಳಸ್ರಿ, ಹಂಗs ಹುಕುಂ ಮಾಡ್ತೇನಿ."

ಆ ವರ್ಷ ಮಳೆ ಹಿಂದಾಗಿ ಪಂಚಮಿಗೆ ನೆಲ ಗಟ್ಟಿಯಾಗಿತ್ತು. ಜೋಕಾಲಿ ಬಿಟ್ಟು ಹೆಂಗಸರೂ ನೋಡಲು ಬಂದರು. ಗುದ್ಲೆಪ್ಪ ಚೆನ್ನಾಗಿಯೇ ಎಸೆದ, ಆದರೆ ಒಂಬತ್ತನೆಯ ಹಣ್ಣು ಮೆಟ್ಟಿಲಿಗೆ ಏಳು ಮಾರು ಈಚೆಗೇ ನಿಂತಿತು. ಹತ್ತು. ನಂತರ ಐವತ್ತೈದು ವರ್ಷದ ಕುಬೇರಪ್ಪ ಕೋಟು ಬಿಚ್ಚಿ ಆಳಿನ ಕೈಗೆ ಕೊಟ್ಟು, ಧೋತರ ಮೇಲೆ ಕಟ್ಟಿ, ಬುಟ್ಟಿಯಲ್ಲಿ ಕೈಯಾಡಿಸಿ ಒಂದು ಸಣ್ಣ ಬಿರುಸಾದ ಹಣ್ಣು ಆರಿಸಿದ. ಅವನು ಎತ್ತರಕ್ಕೆ ಎಸೆಯಲೇ ಇಲ್ಲ. ಸೊಂಟದ ಮಟ್ಟಕ್ಕೆ ಎಸೆದು, ಗಟ್ಟಿ ಬಂಡಿದಾರಿಯ ಮೇಲೆ ಹಣ್ಣನ್ನು ಪುಟಿಸಿ ಉರುಳಿಸಿದ. ಆ ನೆಲದ ಒಂದೊಂದು ಇಳಿಜಾರೂ ಅವನಿಗೆ ಗೊತ್ತಿತ್ತು. ಆರು, ಏಳು, ಎಂಟು. ಒಂಬತ್ತನೆಯದು ಉರುಳುತ್ತ ಹೋಗಿ ಮೆಟ್ಟಿಲಿಗೆ ಟಕ್ಕೆಂದು ಬಡಿಯಿತು. ನಾನು ಬೀಜ ಎರಡು ಸಲ ಎಣಿಸಿದೆ. ಒಂಬತ್ತೇ.

ಮೈದಾನವೆಲ್ಲ ಸಿಳ್ಳು, ಕೂಗಾಟ. ಸಂಘದವರೇ ಎಲ್ಲರಿಗಿಂತ ಮುಂದೆ ಓಡಿದರು. ಕರಿಬಸಪ್ಪ ಸಾವಕಾರನನ್ನು ಹೆಗಲ ಮೇಲೆ ಹೊತ್ತ, ಗುದ್ಲೆಪ್ಪ ಅವನ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತ "ಎಂಥಾ ಕೈರೀ ಇದು!" ಎನ್ನುತ್ತಿದ್ದ. ನಾನೂ ಚಪ್ಪಾಳೆ ಹೊಡೆದೆ, ಸುಳ್ಳೇಕೆ ಹೇಳಲಿ. ಮೆರವಣಿಗೆ ಅಗಸಿ ಮುಟ್ಟಿದಾಗ ಕರಿಬಸಪ್ಪ ಹೆಗಲ ಮೇಲಿನ ಭಾರದೊಂದಿಗೆ ಗಕ್ಕನೆ ನಿಂತ.

"ಅಲ್ಲಲೇ," ಎಂದ, "ನಾವು ಸೋತೇವಲ್ಲೋ!"

ರಾಜಿ ಕಾಗದವನ್ನು ನನ್ನ ಕೈಯಿಂದಲೇ ಬರೆದು ಕಳಿಸಿದೆ. ಹದಿನೈದು ದಿನಕ್ಕೆ ಹುಕುಂ ಬಂತು. ಕುಬೇರಪ್ಪನ ಅಂಗಳದಲ್ಲಿ ನೇಗಿಲು ಸಜ್ಜಾದವು ಎಂದು ಕೇಳಿ ಗುದ್ಲೆಪ್ಪನನ್ನು ಕರೆದುಕೊಂಡು ಸಾವಕಾರನ ಮನೆಗೆ ಹೋದೆ. ನನಗೆ ಒಳಗೆ ಚಾಪೆ ಹಾಸಿದರು. ಗುದ್ಲೆಪ್ಪ ಕಟ್ಟೆಯ ಕೆಳಗೆ ಕೂತ.

"ನೇಗಿಲಾ ಹೂಡ್ರಿ ಸಾವಕಾರ್ರ, ಪಂತದ ಮಾತು," ಎಂದೆ. "ಆದ್ರ ಒಂದ ವಿಚಾರ. ನೆಲಾ ಹ್ವಾದಮ್ಯಾಲ ಆ ಒಂಬತ್ತರ ಗತಿ ಏನ್ರಿ?"

"ಗತಿ ಏನು? ನಿಮ್ಮ ವಹ್ಯಾಗ ಐತಲ್ಲ."

"ವಹಿ ಇಲಿ ತಿಂತೈತ್ರಿ. ಇನ್ನ ಹತ್ತು ವರ್ಷಕ್ಕ ನೀವು ಒಂಬತ್ತು ಅಂದ್ರ, ಅಜ್ಜ ಏನೋ ಹೇಳ್ತಾನ ಅಂತ ನಿಮ್ಮ ಮೊಮ್ಮಕ್ಕಳs ನಗ್ತಾರ. ಮುರೀಬೇಕಂತ ಬಂದಾವ್ರು ನಾಕು ಮಂದಿ ಮುಂದ ಸೋತು ಹೋಗ್ಬೇಕು, ಅಂದ್ರ ಅದಕ್ಕೊಂದು ಕಿಮ್ಮತ್ತು. ಮಂದಿ ಕಣ್ಣಿಗೆ ಬೀಳದ್ದು ಬರೇ ಮಾತರೀ ಸಾವಕಾರ್ರ, ಬರೇ ಮಾತು."

ಕುಬೇರಪ್ಪ ಎಲೆಗೆ ಸುಣ್ಣ ಹಚ್ಚಿ ಮಡಿಸಿ ಬಾಯಿಗಿಟ್ಟ. ಅವನ ಹೊಲಗಳ ಬಗ್ಗೆ ನಾನು ಹೀಗೆ ವಾದಿಸಿದ್ದರೆ ಒದ್ದು ಹೊರಗೆ ಹಾಕುತ್ತಿದ್ದ. ಆದರೆ ಇದು ಜೋಳದ ಮಾತಾಗಿರಲಿಲ್ಲ.

"ಹಂಗಾರ ಕೇಳ್ರಿ," ಎಂದ. "ಪ್ರತಿ ಪಂಚಮಿಗೆ ಬರ್ಲಿ, ಎಲ್ಲಾ ಊರಾವ್ರೂ ಬರ್ಲಿ. ನಾ ಕುರ್ಚಿ ಹಾಕ್ಕೊಂಡು ನೋಡ್ತೇನಿ. ಹುಕುಂ ನನ್ನ ಕಿಸೇದಾಗ ಇರ್ತೈತಿ. ನನ್ನ ಒಂಬತ್ತು ಮುರಿದ ದಿನ ನೇಗಿಲಾ ಹೂಡ್ತೇನಿ."

ಹೀಗೆ ಗಾಯರಾಣ ಉಳಿಯಿತು, ನನ್ನ ಬುದ್ಧಿವಂತಿಕೆಯನ್ನು ಊರೆಲ್ಲ ಹೊಗಳಿತು. ಆ "ಬರೇ ಮಾತು" ಎಂಬುದನ್ನು ನಾನೂ ಹತ್ತು ಕಡೆ ಹೇಳಿಕೊಂಡು ತಿರುಗಿದೆ.

ಅಂದಿನಿಂದ ಸಂಘಕ್ಕೆ ಒಂದೇ ಕೆಲಸ: ಸೋಲುವುದು, ಬಂದವರನ್ನೂ ಸೋಲಿಸುವುದು. ಮಡಗದ ಕೆರೆಯ ಕೆಳಗೆ ಗದ್ದೆಯಲ್ಲಿ ದುಡಿದು ತೋಳು ಬೆಳೆಸಿದ ಮಾಸೂರಿನ ಶಂಕ್ರಪ್ಪ ಬಂದಾಗ ನಮಗೆ ಹೆದರಿಕೆಯಾಯಿತು. ನಾಗವ್ವ ಅವನನ್ನು ಮನೆಗೆ ಕರೆದು, "ಹಬ್ಬದ ದಿನಾ ಖಾಲಿ ಹೊಟ್ಟೀಲೆ ಒಗೀಬಾರ್ದಪಾ" ಎಂದು ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು ಸೇರಿಸಿ ಹನ್ನೊಂದು ಉಂಡೆ ತಿನ್ನಿಸಿದಳು. ಶಂಕ್ರಪ್ಪ ಎಸೆದದ್ದಕ್ಕಿಂತ ತೇಗಿದ್ದು ಹೆಚ್ಚು, ಹದಿನೈದಕ್ಕೆ ಮುಟ್ಟಿಸಿದ. ಹಾನಗಲ್ಲಿನಿಂದ ಬಂದವರಿಗೆ ಕರಿಬಸಪ್ಪ ಮಾಗಿ ಮೆತ್ತಗಾದ ಹಣ್ಣು ಕೊಟ್ಟ. ಅವು ಬಿದ್ದಲ್ಲೇ ಒಡೆದವು. ನಮಗೆ ಇದರಲ್ಲಿ ಕಿಂಚಿತ್ತೂ ನಾಚಿಕೆ ಇರಲಿಲ್ಲ.

ಕಷ್ಟವಿದ್ದದ್ದು ಗುದ್ಲೆಪ್ಪನಿಗೆ. ಅವನು ಕುಬೇರಪ್ಪನ ವಿದ್ಯೆ ಕಲಿತುಬಿಟ್ಟಿದ್ದ. ನಲವತ್ತೈದರಲ್ಲಿ, ಪಂಚಮಿಗೆ ಎಂಟು ದಿನ ಇರುವಾಗ, ಬೆಳಗಿನ ಜಾವ ನನ್ನ ಬಾಗಿಲು ಬಡಿದ. "ಬರ್ರಿ ಮಾಸ್ತರ್ರ, ಬೀಜಾ ತಗೊಂಡ ಬರ್ರಿ." ಗಾಯರಾಣದಲ್ಲಿ ನಾವಿಬ್ಬರೇ. ಅವನು ಕೆಳಮಟ್ಟಕ್ಕೆ ಎಸೆದ, ಹಣ್ಣು ಪುಟಿದು ಓಡಿತು, ನಾನು ಹಿಂದೆ ಓಡಿದೆ. ಗುಡಿಯ ಮೆಟ್ಟಿಲಲ್ಲಿ ಏದುಸಿರು ಬಿಡುತ್ತ ಕಿಸೆ ಬರಿದು ಮಾಡಿ ಎಣಿಸಿದೆ.

"ಎಂಟಲ್ರಿ?"

"ಎಂಟು."

"ಇನ್ನೊಂದ ಸಲ ಎಣಸ್ರಿ."

ಎಂಟೇ. ಅವನು ಮೆಟ್ಟಿಲ ಮೇಲೆ ಕೂತು, ಎಂಟೂ ಬೀಜಗಳನ್ನು ಅಂಗೈಯಲ್ಲಿಟ್ಟುಕೊಂಡು ಮಗುವನ್ನು ನೋಡುವಂತೆ ನೋಡಿದ. "ಬರೀರಿ," ಎಂದ. ವಹಿಯ ಕೊನೆಯ ಪುಟದಲ್ಲಿ ತಾರೀಖು ಹಾಕಿ ಬರೆದು ಸಹಿ ಮಾಡಿದೆ. "ಯಾರ ಮುಂದೂ ಹೇಳಬ್ಯಾಡಪಾ," ಎಂದೆ. "ಗೊತ್ತೈತ್ರಿ," ಎಂದ.

ಎಂಟು ದಿನದ ನಂತರ, ಊರೆಲ್ಲ ನೋಡುತ್ತಿದ್ದಾಗ, ಏಳು ಎಸೆತ ಚೆನ್ನಾಗಿ ಎಸೆದು ಎಂಟನೆಯದಕ್ಕೆ ಮಣಿಕಟ್ಟು ಸಡಿಲ ಬಿಟ್ಟ. ಹಣ್ಣು ಅರ್ಧ ದಾರಿಗೆ ಬಿತ್ತು. ಸರಿಸಮ ಮಾಡಿದರೂ ಸಾವಕಾರ ಏನನ್ನುವನೋ ಎಂದು ಒಂಬತ್ತನೆಯದಕ್ಕೂ ಹಾಗೇ ಮಾಡಿ ಹತ್ತಕ್ಕೆ ಮುಟ್ಟಿಸಿದ. ಕುಬೇರಪ್ಪ ಕುರ್ಚಿಯಲ್ಲಿ ಮೀಸೆ ತಿರುವಿದ. ಗುಂಪಿನಲ್ಲಿ ಯಾರೋ ಕೂಗಿದರು: "ಏ ಗುದ್ಲ್ಯಾ, ಕೈ ಸೋತೇತೇನಲೇ?"

ಪಂಚಮಿಯ ದಿನ ಆ ಹೆಸರು ಕೇಳಿದ್ದು ಅದೇ ಮೊದಲು. ಮರುವರ್ಷವೂ ಹತ್ತು. ಆ ವರ್ಷ ಅವನು ಕಟ್ಟೆಯ ಹತ್ತಿರ ಹೋದಾಗ ಗೌಡರು ಸರಿಯಲಿಲ್ಲ. ಅವನು ನಿಂತೇ ಇದ್ದು ಮನೆಗೆ ಹೋದ. ನನಗೆ ವಹಿ ತೆಗೆದು ಎಲ್ಲರ ಮುಖಕ್ಕೆ ಹಿಡಿಯಬೇಕೆನಿಸಿತು. ಹಿಡಿದರೆ ಮರುದಿನವೇ ನೇಗಿಲು. ಸಿಟ್ಟನ್ನೆಲ್ಲ ಶಾಲೆಯ ಮಕ್ಕಳ ಮೇಲೆ ತೀರಿಸಿಕೊಂಡೆ, ಅದು ತಪ್ಪೇ.

ನಲವತ್ತೇಳರ ಪಂಚಮಿ ಸ್ವಾತಂತ್ರ್ಯ ಬಂದ ಐದಾರು ದಿನಕ್ಕೇ ಬಂತು. ಕುಬೇರಪ್ಪ ಬೇನೆ ಬಿದ್ದು ಒಣಗಿಹೋಗಿದ್ದ. ಬಂಡಿಯಲ್ಲಿ ಗಾದಿ ಹಾಕಿಸಿ ಮಲಗಿಸಿಕೊಂಡು ಬಂದಿದ್ದರು. ಎಸೆತ ಶುರುವಾಗುವ ಮೊದಲು ಅವನು ಬಂಡಿಯಿಂದಲೇ ಕರೆದ.

"ಗುದ್ಲೆಪ್ಪನವರ, ಸ್ವಲ್ಪ ಇತ್ಲಾಗ ಬರ್ರಿ. ಮಾಸ್ತರ್ರ, ನೀವೂ."

ಹೋದೆವು. ಅವನು ದನಿ ಇಳಿಸಿದ. "ಎರಡ ವರ್ಷಾತು, ಎಂಟನೇದಕ್ಕ ನೀವು ಕೈ ಸಡ್ಲ ಬಿಡೂದು ನೋಡಾಕತ್ತೇನಿ. ನನಗೇನ ಕಣ್ಣಿಲ್ಲಂತ ತಿಳದೀರೇನು? ಇಷ್ಟ ದಿನ ಸುಮ್ಮನಿದ್ದೆ, ಗೆಲ್ಲೂದು ರುಚಿ ಇರ್ತೈತಿ. ಇನ್ನ ಸಾಕು. ಹ್ವಾಗೂದ್ರಾಗ ಒಮ್ಮೆ ಖರೇ ಒಗತಾ ನೋಡ್ಬೇಕು. ನೇಗಿಲಾ ಹೂಡಂಗಿಲ್ಲ, ಆಣಿ ಮಾಡ್ತೇನಿ."

ಗುದ್ಲೆಪ್ಪ ನನ್ನ ಮುಖ ನೋಡಿದ. ನಾನು ಹೂಂ ಎಂದೆ. ಅವನು ಅಗಸಿಗೆ ಓಡಿಯೇ ಹೋದ.

ಏಳು ಎಸೆತ ಅವನು ಎಸೆದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಕುಬೇರಪ್ಪನ ಬಂಡಿಯನ್ನು ಪಕ್ಕದಲ್ಲೇ ಹೊಡೆದುಕೊಂಡು ಬರುತ್ತಿದ್ದರು. ಗುಡಿ ಎಪ್ಪತ್ತು ಹೆಜ್ಜೆಯಷ್ಟೇ ಉಳಿದಿತ್ತು. ಎಂಟನೆಯದಕ್ಕೆ ಗುದ್ಲೆಪ್ಪ ಹಲ್ಲು ಕಚ್ಚಿ ಎಸೆದ. ಹಣ್ಣು ನಲವತ್ತು ಹೆಜ್ಜೆಗೇ ಬಿದ್ದು ನಿಂತಿತು.

"ನನ್ನ ಆಣಿ ಮ್ಯಾಲೂ ನಂಬಿಗಿಲ್ಲೇನಲೇ ನಿನಗ!" ಎಂದು ಕುಬೇರಪ್ಪ ಚೀರಿದ. ಅವನ ಸಿಟ್ಟಿಗೆ ಬಂಡಿಯ ಎತ್ತುಗಳೂ ಹೆದರಿದವು. ಕಿಸೆಯೊಳಗಿನ ಹುಕುಂ ತೆಗೆದು ಎರಡು ಮಾಡಿದ, ನಾಲ್ಕು ಮಾಡಿದ, ಗಾಳಿಗೆ ತೂರಿದ. "ತಗೋ, ಹರದೆ! ಗಾಯರಾಣ ನಿಮ್ಮದು! ಒಂಬತ್ತಕ್ಕರ ಮುಟ್ಟಿಸಿ ನನ್ನ ಜೋಡಿ ನಿಂದ್ರು, ಒಗೀ ಈಗ!"

ಸಂಘದವರು ಹರಿದ ಕಾಗದದ ಚೂರು ಆರಿಸುತ್ತ ಕುಣಿಯತೊಡಗಿದರು. ಗುದ್ಲೆಪ್ಪ ಅತ್ತ ತಿರುಗಿಯೂ ನೋಡಲಿಲ್ಲ. ಮೂವತ್ತು ಹೆಜ್ಜೆ, ಕೂಸೂ ಎಸೆಯಬಹುದಾದ ದೂರ. ಹಣ್ಣು ಎತ್ತಿ, ಒರೆಸಿ, ಎಸೆದ. ಅದು ಹತ್ತು ಹೆಜ್ಜೆ ಈಚೆಗೇ ಬಿತ್ತು.

ಅವನು ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬಂಡಿಯ ಹತ್ತಿರ ಬಂದ. ಕಣ್ಣಿಂದ ನೀರು ಇಳಿಯುತ್ತಿತ್ತು.

"ಖರೇನs ಒಗದೇನ್ರೀ ಸಾವಕಾರ್ರ," ಎಂದ. "ಹನುಮಪ್ಪನಾಣೆ, ಖರೇನs ಒಗದೇನಿ. ನಾ ಬ್ಯಾಡಂದ್ರೂ ಅದು ತಾನs ಸಡ್ಲಾಕ್ಕೈತ್ರಿ."

ಕುಬೇರಪ್ಪ ಕೈ ಚಾಚಿ ಅವನ ಮಣಿಕಟ್ಟು ಹಿಡಿದು ಒತ್ತಿ ನೋಡಿದ, ಹಿಂದೊಮ್ಮೆ ಗುದ್ಲೆಪ್ಪ ಅವನ ಕೈಯನ್ನು ನೋಡಿದ ಹಾಗೆ. ಆ ದೀಪಾವಳಿಗೆ ಮೊದಲೇ ಸಾವಕಾರ ತೀರಿಕೊಂಡ.

ಗಾಯರಾಣ ಇವತ್ತಿಗೂ ಹಾಗೇ ಇದೆ. ಹೊಸ ಹುಡುಗರು ಹನ್ನೊಂದು, ಹನ್ನೆರಡಕ್ಕೆ ಮುಟ್ಟಿಸಿ ಹಾರಾಡುತ್ತಾರೆ. ಗುದ್ಲೆಪ್ಪನಿಗೆ ಹತ್ತಕ್ಕಿಂತ ಕಡಿಮೆಗೆ ಮುಟ್ಟಿಸಲು ಮತ್ತೆ ಆಗಲಿಲ್ಲ; ಈಗ ಅವನು ಎಸೆಯುವುದನ್ನೂ ಬಿಟ್ಟಿದ್ದಾನೆ. ಈ ವರ್ಷ, ನಲವತ್ತೊಂಬತ್ತರ ಪಂಚಮಿಗೆ, ಕಟ್ಟೆಯ ಮೇಲೆ ಕುಬೇರಪ್ಪನ ಒಂಬತ್ತನ್ನು ಎಲ್ಲರೂ ಹೊಗಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಇನ್ನು ಮುಚ್ಚಿಡುವ ಕಾರಣವೂ ಇರಲಿಲ್ಲ. ವಹಿಯ ಕೊನೆಯ ಪುಟ ತೆಗೆದು ಎಲ್ಲರ ಮುಂದೆ ಹಿಡಿದೆ.

"ಎಂಟಂತ!" ಎಂದು ಒಬ್ಬ ನಕ್ಕ. "ಸಹಿ ಯಾರದು? ಮಾಸ್ತರ್ದs! ಮಾಸ್ತರ್ರು ಏನೋ ಹೇಳ್ತಾರ ಬಿಡ್ರೋ."

ಗುದ್ಲೆಪ್ಪ ಕಟ್ಟೆಯ ಕೆಳಗೆ ಶೇಂಗಾ ಸುಲಿಯುತ್ತ ಕೂತಿದ್ದ. "ಏ ಗುದ್ಲೆಪ್ಪಾ, ನೀನರ ಹೇಳೋ ಇವರಿಗೆ," ಎಂದು ಕೂಗಿದೆ.

ಅವನು ತಲೆ ಎತ್ತಿ ನನ್ನನ್ನು ನೋಡಿ ನಕ್ಕ. ನಾಗವ್ವ ಬಾವಿಕಟ್ಟೆಯಲ್ಲಿ ಬೈಯುವಾಗ ನಗುತ್ತಿದ್ದ ಅದೇ ನಗು.

"ಬಿಡ್ರಿ ಮಾಸ್ತರ್ರ," ಎಂದ. "ಮಂದಿ ಕಣ್ಣಿಗೆ ಬಿದ್ದಿಲ್ಲಲ್ರಿ. ಬರೇ ಮಾತು."